ಬನ್ನಿ ಅನ್ನುವುದು, ಇರಿ ಅನ್ನುವುದು

(ಉಪನ್ಯಾಸದ ಬರಹ ರೂಪ. ಆಡಿದ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನದೇ ಒಂದು ಅನುಭವ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ದೇಶಕ್ಕೆ ಹತ್ತು ದಿನದ ಪ್ರವಾಸ ಹೋಗಿದ್ದೆ. ದಾರಿ ತಪ್ಪಿ ಒಂದು ಬೀದಿಯಲ್ಲಿ ನಿಂತಿದ್ದಾಗ ವಯಸ್ಸಾದ ಹೆಂಗಸೊಬ್ಬರು ತಾವಾಗಿಯೇ ಹತ್ತಿರ ಬಂದರು. ಕೈಯಲ್ಲಿದ್ದ ಚೀಲ ಕೆಳಗಿಟ್ಟು ನನ್ನ ನಕ್ಷೆ ನೋಡಿದರು, ಆಮೇಲೆ ಬಸ್ ನಿಲ್ದಾಣದವರೆಗೂ ಜೊತೆಯಲ್ಲೇ ನಡೆದು ಬಂದರು. ಇಂಥ ಜನ ಬೇರೆಲ್ಲೂ ಇರಲಾರರು ಅಂದುಕೊಂಡು ಊರಿಗೆ ಮರಳಿದೆ. ನಾಲ್ಕು ವರ್ಷದ ನಂತರ ಕೆಲಸ ಸಿಕ್ಕಿ ಅದೇ ದೇಶಕ್ಕೆ, ಅದೇ ಊರಿಗೆ ಹೋದೆ. ಅದೇ ಬೀದಿಯಲ್ಲಿ ಬಾಡಿಗೆ ಮನೆ ಹುಡುಕಲು ಹೊರಟೆ. ಫೋನಿನಲ್ಲಿ ಮಾತಾಡಿದಾಗ ಖಾಲಿ ಇದ್ದ ಮನೆ, ನಾನು ಬಾಗಿಲಲ್ಲಿ ನಿಂತ ಕೂಡಲೇ ಈಗಷ್ಟೇ ಬೇರೆಯವರಿಗೆ ಹೋಗಿರುತ್ತಿತ್ತು. ಹೀಗೆ ಐದು ಮನೆ ಕೈತಪ್ಪಿದವು.

ಜನ ಅವರೇ, ನಾನೂ ಅದೇ ಮನುಷ್ಯ. ಬದಲಾಗಿದ್ದು ನಾನು ಕೇಳುತ್ತಿದ್ದ ವಸ್ತು. ಮೊದಲ ಸಲ ಅವರಿಂದ ನನಗೆ ಬೇಕಿದ್ದದ್ದು ‘ಬನ್ನಿ’ ಎಂಬ ಮಾತು. ಎರಡನೇ ಸಲ ಬೇಕಿದ್ದದ್ದು ‘ಇರಿ’ ಎಂಬ ಮಾತು. ಎರಡಕ್ಕೂ ಎರಡೆರಡೇ ಅಕ್ಷರ. ಆದರೆ ಒಂದನ್ನು ಧಾರಾಳವಾಗಿ ಹೇಳುವ ದೇಶ ಇನ್ನೊಂದನ್ನು ಹೇಳಲು ವರ್ಷಗಟ್ಟಲೆ ತೆಗೆದುಕೊಳ್ಳಬಹುದು, ಕೆಲವೊಮ್ಮೆ ಹೇಳದೆಯೇ ಇರಬಹುದು. ಯಾವ ದೇಶದಲ್ಲಿ ಹೊರಗಿನವರಿಗೆ ಆದರ ಹೆಚ್ಚು ಎಂದು ನಾವು ಕೇಳುವಾಗ ಈ ಎರಡನ್ನೂ ಕಲಸಿಬಿಡುತ್ತೇವೆ. ಇವತ್ತು ಅವನ್ನು ಬಿಡಿಸಿ ನೋಡೋಣ ಎಂಬುದು ನನ್ನ ಉದ್ದೇಶ.

ಈ ಭೇದ ಹೊಸದಲ್ಲ. 1795ರಲ್ಲಿ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಶಾಶ್ವತ ಶಾಂತಿಯ ಕುರಿತು ಒಂದು ಪ್ರಬಂಧ ಬರೆದ. ಪರದೇಶದ ನೆಲಕ್ಕೆ ಕಾಲಿಟ್ಟ ಮನುಷ್ಯನನ್ನು ಶತ್ರುವಿನಂತೆ ಕಾಣಬಾರದು, ಇದು ಅವನ ಹಕ್ಕು, ಯಾರೋ ತೋರುವ ದಯೆಯಲ್ಲ ಎಂಬುದು ಅಲ್ಲಿ ಬರುವ ವಾದ. ಅದಕ್ಕೆ ಅವನು ಕೊಡುವ ಕಾರಣ ನನಗೆ ಬಹಳ ಹಿಡಿಸುತ್ತದೆ. ಭೂಮಿ ಗುಂಡಗಿದೆ. ಒಬ್ಬರಿಂದೊಬ್ಬರು ದೂರ ಹೋಗುತ್ತಲೇ ಇರಲು ಜಾಗವಿಲ್ಲ, ಎಲ್ಲೋ ಒಂದು ಕಡೆ ಎದುರಾಗಲೇಬೇಕು, ಹಾಗಾಗಿ ಪರಸ್ಪರ ಸಹಿಸಿಕೊಳ್ಳಲೇಬೇಕು. ಆದರೆ ಕಾಂಟ್ ಅಲ್ಲಿಗೇ ಒಂದು ಗೆರೆ ಎಳೆಯುತ್ತಾನೆ. ಹೊರಗಿನವನಿಗೆ ಇರುವುದು ಭೇಟಿ ಕೊಡುವ ಹಕ್ಕು. ಉಳಿದುಕೊಳ್ಳುವುದು ಹಕ್ಕಲ್ಲ, ಅದಕ್ಕೆ ಪ್ರತ್ಯೇಕ ಒಪ್ಪಂದ ಬೇಕು. ಯುರೋಪಿನ ದೇಶಗಳು ‘ಭೇಟಿ’ಯ ಹೆಸರಿನಲ್ಲಿ ಹೋಗಿ ಬೇರೆಯವರ ನೆಲವನ್ನೇ ಕಬಳಿಸುತ್ತಿದ್ದುದನ್ನು ಅವನು ಅದೇ ಪುಟಗಳಲ್ಲಿ ಖಂಡಿಸಿದ್ದಾನೆ. ಬಂದವರನ್ನು ಹದ್ದುಬಸ್ತಿನಲ್ಲಿಟ್ಟ ಚೀನಾ, ಜಪಾನುಗಳು ಮಾಡಿದ್ದು ವಿವೇಕದ ಕೆಲಸ ಎನ್ನುತ್ತಾನೆ. ಅಂದರೆ ‘ಬನ್ನಿ’ ಎಲ್ಲರಿಗೂ, ‘ಇರಿ’ ಮಾತಾಡಿಕೊಂಡ ಮೇಲೆ. ಇವತ್ತಿನ ವೀಸಾ ವ್ಯವಸ್ಥೆಯ ಬೆನ್ನೆಲುಬು ಇದೇ. ವ್ಯತ್ಯಾಸ ಏನೆಂದರೆ ‘ಬನ್ನಿ’ ಕೂಡ ಈಗ ಎಲ್ಲರಿಗೂ ಇಲ್ಲ. ಯುರೋಪಿನ ಶೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೋ ಶುಲ್ಕ. ಅರ್ಜಿ ತಿರಸ್ಕಾರವಾದರೂ ಆ ಹಣ ವಾಪಸ್ ಬರುವುದಿಲ್ಲ. ಕೆಲವು ಪಾಸ್‌ಪೋರ್ಟುಗಳಿಗೆ ಈ ಪ್ರಶ್ನೆಯೇ ಇಲ್ಲ, ಸುಮ್ಮನೆ ವಿಮಾನ ಹತ್ತಿದರೆ ಸಾಕು. ಹಾಗಾಗಿ ಒಂದು ದೇಶದ ಸ್ವಾಗತ ವಿಮಾನ ನಿಲ್ದಾಣದಲ್ಲಿ ಶುರುವಾಗುತ್ತದೆ ಎಂಬ ಮಾತು ಅರ್ಧ ಜಗತ್ತಿಗೆ ಮಾತ್ರ ನಿಜ. ಉಳಿದವರಿಗೆ ಅದು ತಮ್ಮದೇ ದೇಶದ ವೀಸಾ ಕಚೇರಿಯ ಸಾಲಿನಲ್ಲಿ ಶುರುವಾಗುತ್ತದೆ, ಬ್ಯಾಂಕ್ ಖಾತೆಯ ಆರು ತಿಂಗಳ ವಿವರ ಕೈಯಲ್ಲಿ ಹಿಡಿದು.

ಪದಗಳ ಕಡೆಗೂ ಒಂದು ನಿಮಿಷ ನೋಡೋಣ. ನಾವು ದಿನಾ ಆಡುವ ಹೋಟೆಲ್, ಹಾಸ್ಪಿಟಲ್ ಎರಡೂ ಲ್ಯಾಟಿನ್‌ನ ‘ಹಾಸ್ಪೆಸ್’ ಎಂಬ ಪದದಿಂದ ಇಳಿದು ಬಂದವು. ಆ ಒಂದೇ ಪದಕ್ಕೆ ಅತಿಥಿ ಎಂಬ ಅರ್ಥವೂ ಇತ್ತು, ಆತಿಥೇಯ ಎಂಬ ಅರ್ಥವೂ ಇತ್ತು. ಅದರ ನಂಟಿನ ಇನ್ನೊಂದು ಪದ ‘ಹಾಸ್ಟಿಸ್’. ಮೊದಲು ಹೊರಗಿನವನು ಎಂದಷ್ಟೇ ಅರ್ಥವಿದ್ದ ಅದು ಬರಬರುತ್ತಾ ಶತ್ರು ಎಂದಾಯಿತು. ಗ್ರೀಕರ ‘ಕ್ಸೆನೋಸ್’ ಕೂಡ ಹಾಗೆಯೇ, ಅಪರಿಚಿತನೂ ಅವನೇ, ಅತಿಥಿಯೂ ಅವನೇ. ಬಾಗಿಲಲ್ಲಿ ನಿಂತವನು ಯಾರು ಎಂಬ ಅನುಮಾನ ಮನುಷ್ಯರ ಮಾತಿನ ಬೇರಿನಲ್ಲೇ ಇದೆ.

ಈಗ ಬಾಗಿಲಲ್ಲಿ ನಿಂತವರು ಎಷ್ಟು ಜನ ಎಂದು ನೋಡಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 1950ರಲ್ಲಿ ದೇಶದ ಗಡಿ ದಾಟಿದ ಪ್ರವಾಸಗಳು ಸುಮಾರು 2.5 ಕೋಟಿ. 2019ರಲ್ಲಿ ಅದು 146 ಕೋಟಿಯ ಆಸುಪಾಸು. ಕೋವಿಡ್ ಬಂದು ಎಲ್ಲ ನಿಂತಿತು, ಆದರೂ 2024ರ ಹೊತ್ತಿಗೆ ಮತ್ತೆ 140 ಕೋಟಿಗೆ ಏರಿತು. ಹುಟ್ಟಿದ ದೇಶ ಬಿಟ್ಟು ಬೇರೆಡೆ ನೆಲೆಸಿದವರು 2024ರಲ್ಲಿ ಸುಮಾರು 30.4 ಕೋಟಿ. ಹನ್ನೆರಡು ತಿಂಗಳಿಗಿಂತ ಕಡಿಮೆ ಇದ್ದರೆ ಸಂದರ್ಶಕ, ಹೆಚ್ಚಾದರೆ ನಿವಾಸಿ ಎಂಬುದು ಅಂಕಿಅಂಶದವರ ಅಳತೆ. ಆದರೆ ಹನ್ನೆರಡನೇ ತಿಂಗಳ ಕೊನೆಯ ದಿನ ಯಾರ ಮನಸ್ಸೂ ಬದಲಾಗುವುದಿಲ್ಲ. 1908ರಲ್ಲಿ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ ಇದನ್ನು ಬಹಳ ನಿಖರವಾಗಿ ಹಿಡಿದ. ಇವತ್ತು ಬಂದು ನಾಳೆ ಹೋಗುವವನು ಅವನ ಮಟ್ಟಿಗೆ ಪರಕೀಯನಲ್ಲ. ಇವತ್ತು ಬಂದು ನಾಳೆಯೂ ಇರುವವನು ಪರಕೀಯ. ಹೋಗುವವನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ, ಉಳಿದವನ ಬಗ್ಗೆ ಒಂದು ತೀರ್ಮಾನಕ್ಕೆ ಬರಲೇಬೇಕು.

ಆ ತೀರ್ಮಾನವನ್ನು ಅಳೆಯಲು ಅಮೆರಿಕದ ಸಮಾಜಶಾಸ್ತ್ರಜ್ಞ ಎಮರಿ ಬೊಗಾರ್ಡಸ್ 1925ರ ಸುಮಾರಿಗೆ ಒಂದು ಅಳತೆಗೋಲು ಮಾಡಿದ. ಅದರಲ್ಲಿ ಏಳು ಮೆಟ್ಟಿಲು. ಒಂದು ಜನಾಂಗದವರನ್ನು ನಿಮ್ಮ ಮನೆಯ ಸಂಬಂಧಿಗಳಾಗಿ ಒಪ್ಪುತ್ತೀರಾ? ನಿಮ್ಮ ಕ್ಲಬ್ಬಿನಲ್ಲಿ ಗೆಳೆಯರಾಗಿ? ನಿಮ್ಮ ಬೀದಿಯಲ್ಲಿ ನೆರೆಯವರಾಗಿ? ನಿಮ್ಮ ಕಸುಬಿನಲ್ಲಿ ಜೊತೆ ಕೆಲಸಗಾರರಾಗಿ? ನಿಮ್ಮ ದೇಶದ ಪ್ರಜೆಗಳಾಗಿ? ನಿಮ್ಮ ದೇಶಕ್ಕೆ ಬರೀ ಸಂದರ್ಶಕರಾಗಿ? ಅಥವಾ ದೇಶದೊಳಗೇ ಬೇಡವೇ? ಇಲ್ಲಿ ‘ಬರೀ ಸಂದರ್ಶಕರಾಗಿ’ ಎಂಬುದು ಎಲ್ಲಿದೆ ಗಮನಿಸಿ. ಆರನೇ ಮೆಟ್ಟಿಲು. ಅದರ ಕೆಳಗೆ ಇರುವುದು ‘ಬೇಡ’ ಒಂದೇ. ಪ್ರವಾಸಿಯಾಗಿ ನಮಗೆ ಸಿಗುವ ಆದರವನ್ನು ನಾವು ಸ್ವಾಗತದ ಶಿಖರ ಎಂದುಕೊಂಡಿದ್ದೇವೆ. ಈ ಅಳತೆಗೋಲಿನ ಪ್ರಕಾರ ಅದು ಹೊಸ್ತಿಲು, ಅಷ್ಟೇ. ಇದನ್ನು ಮೊದಲ ಸಲ ಓದಿದಾಗ ನನ್ನ ಹತ್ತು ದಿನದ ಪ್ರವಾಸವೂ ಐದು ಬಾಡಿಗೆ ಮನೆಗಳೂ ಒಟ್ಟಿಗೇ ಅರ್ಥವಾದವು. ಆ ಬೀದಿಯ ಜನ ಬದಲಾಗಿರಲಿಲ್ಲ. ನಾನು ಆರನೇ ಮೆಟ್ಟಿಲಿನಿಂದ ಮೂರನೆಯದಕ್ಕೆ ಕಾಲಿಡಲು ಹೋಗಿದ್ದೆ.

ಇತ್ತೀಚೆಗೆ ಗ್ಯಾಲಪ್ ಸಂಸ್ಥೆ ಜಗತ್ತಿನಾದ್ಯಂತ ಇದನ್ನೇ ಮೂರು ಪ್ರಶ್ನೆಗೆ ಇಳಿಸಿ ಕೇಳಿತು. ವಲಸಿಗರು ನಿಮ್ಮ ದೇಶದಲ್ಲಿ ಇರುವುದು ಒಳ್ಳೆಯದೋ ಕೆಟ್ಟದ್ದೋ? ನೆರೆಮನೆಗೆ ಬಂದರೆ? ನಿಮ್ಮ ಹತ್ತಿರದ ಬಂಧುವನ್ನು ಮದುವೆಯಾದರೆ? ಪೂರ್ಣ ಅಂಕ 9. 2019ರಲ್ಲಿ ಕೆನಡಾಕ್ಕೆ 8.46, ಐಸ್‌ಲ್ಯಾಂಡಿಗೆ 8.41. ತೀರಾ ಕೆಳಗಿದ್ದ ಉತ್ತರ ಮ್ಯಾಸಿಡೋನಿಯಕ್ಕೆ 1.49. ಕೆನಡಾ 1967ರಲ್ಲೇ ವಲಸಿಗರನ್ನು ಅಂಕ ಕೊಟ್ಟು ಆರಿಸುವ ಪದ್ಧತಿ ತಂದ ದೇಶ, ಅಂದರೆ ಯಾರಿಗೆ ‘ಇರಿ’ ಅನ್ನಬೇಕೆಂದು ಮೊದಲೇ ಯೋಚಿಸಿ ಕರೆದ ದೇಶ. ಕರೆದವರಿಗೆ ಬಂದವರ ಬಗ್ಗೆ ಭಯ ಕಡಿಮೆ ಎಂದು ನನಗೆ ಅನಿಸುತ್ತದೆ.

‘ಇರಿ’ ಎಂಬುದನ್ನು ಮತ ಹಾಕಿ ನಿರ್ಧರಿಸಿದ ಊರೂ ಇದೆ. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸ್ವಿಟ್ಜರ್‌ಲ್ಯಾಂಡಿನ ಲೂಸರ್ನ್ ಪ್ರಾಂತ್ಯದಲ್ಲಿ ಎಮ್ಮೆನ್ ಎಂಬ ಪಟ್ಟಣವಿದೆ. ಆ ದೇಶದಲ್ಲಿ ಪೌರತ್ವ ಕೊಡುವುದರಲ್ಲಿ ಸ್ಥಳೀಯ ಆಡಳಿತದ ಪಾಲು ದೊಡ್ಡದು. ಯಾರಿಗೆ ಪೌರತ್ವ ಕೊಡಬೇಕು ಎಂಬುದನ್ನು ಎಮ್ಮೆನ್‌ನ ಮತದಾರರು ಗುಪ್ತ ಮತದಾನದಲ್ಲಿ ತೀರ್ಮಾನಿಸುತ್ತಿದ್ದರು. 2000ದ ಮಾರ್ಚ್‌ನಲ್ಲಿ 56 ಜನರ ಅರ್ಜಿ ಮತಕ್ಕೆ ಬಂತು. 8 ಜನ ಗೆದ್ದರು, 48 ಜನ ಸೋತರು. ಗೆದ್ದ ಎಂಟೂ ಜನ ಇಟಲಿ ಮೂಲದವರು. ಸೋತವರಲ್ಲಿ ಹೆಚ್ಚಿನವರು ಹಿಂದಿನ ಯುಗೊಸ್ಲಾವಿಯದಿಂದ ಬಂದವರು. ವರ್ಷಗಟ್ಟಲೆ ಅದೇ ಊರಿನಲ್ಲಿ ದುಡಿದು, ತೆರಿಗೆ ಕಟ್ಟಿದವರು. ಮರುದಿನ ಬೆಳಿಗ್ಗೆ ಅವರು ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತವರನ್ನು ಹೇಗೆ ನೋಡಿರಬೇಕು ಎಂದು ಯೋಚಿಸಿ. ಇವರು ಬೇಡ ಎಂದವರಲ್ಲಿ ಒಬ್ಬರೋ ಅಲ್ಲವೋ ಎಂಬುದು ಗೊತ್ತಾಗುವುದಿಲ್ಲ, ಕೇಳುವಂತೆಯೂ ಇಲ್ಲ. 2003ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇಂಥ ಮತದಾನ ಸಂವಿಧಾನಕ್ಕೆ ವಿರುದ್ಧ ಎಂದು ನಿಲ್ಲಿಸಿತು. ನಿರಾಕರಿಸುವುದಾದರೆ ಕಾರಣ ಕೊಡಬೇಕು, ಮತಪೆಟ್ಟಿಗೆ ಕಾರಣ ಕೊಡುವುದಿಲ್ಲ ಎಂಬುದು ಆ ತೀರ್ಪಿನ ಒಂದು ತಿರುಳು.

ಈ ಕಥೆಗೆ ಒಂದು ಹಿನ್ನೆಲೆ ಇದೆ. ಅದೇ ದೇಶದಲ್ಲಿ 1970ರ ಜೂನ್ 7ರಂದು ಹೊರಗಿನವರ ಪಾಲನ್ನು ಜನಸಂಖ್ಯೆಯ ನೂರಕ್ಕೆ ಹತ್ತರೊಳಗೆ ಇಳಿಸಬೇಕು ಎಂಬ ಪ್ರಸ್ತಾವ ದೇಶದ ಮತಕ್ಕೆ ಬಂದಿತ್ತು. ಆಗ ಮತದಾನದ ಹಕ್ಕು ಗಂಡಸರಿಗೆ ಮಾತ್ರ. ಪ್ರಸ್ತಾವ ಬಿದ್ದುಹೋಯಿತು, ಆದರೆ ಅದರ ಪರವಾಗಿ ನೂರಕ್ಕೆ 46ರಷ್ಟು ಮತ ಬಿದ್ದಿದ್ದವು. ಆ ಪ್ರಸ್ತಾವದ ಗುರಿ ಮುಖ್ಯವಾಗಿ ಯಾರು ಗೊತ್ತೇ? ಇಟಲಿಯಿಂದ ಬಂದಿದ್ದ ಕೂಲಿಕಾರರು. ಮೂವತ್ತು ವರ್ಷದಲ್ಲಿ ಅವರದೇ ನಾಡಿನವರು ಎಮ್ಮೆನ್‌ನಲ್ಲಿ ಗೆದ್ದ ಎಂಟು ಜನವಾದರು. ಇಟಲಿಯವರು ಬದಲಾದರೇ, ಸ್ವಿಸ್ ಜನ ಬದಲಾದರೇ? ಇಬ್ಬರೂ ಸ್ವಲ್ಪ ಸ್ವಲ್ಪ ಬದಲಾಗಿರಬೇಕು. ಆದರೆ ಅದಕ್ಕಿಂತ ಮುಖ್ಯವಾಗಿ, ಅವರಿಗಿಂತ ಹೊಸಬರು ಬಂದರು. ಹೊರಗಿನವನು ಎಂಬ ಜಾಗ ಖಾಲಿ ಉಳಿಯುವುದಿಲ್ಲ, ಯಾರಾದರೂ ಬಂದು ಅದನ್ನು ತುಂಬಿದಾಗ ಹಳಬರು ಒಳಗೆ ಸರಿಯುತ್ತಾರೆ. ಈ ಮಾತು ಹೇಳುವಾಗ ನನಗೆ ಸಂತೋಷವಿಲ್ಲ. ಅನೇಕ ದೇಶಗಳಲ್ಲಿ ಹಳೆಯ ವಲಸಿಗರೇ ಹೊಸ ವಲಸಿಗರ ವಿರುದ್ಧ ಮಾತಾಡುವುದನ್ನು ಕೇಳಿ ನೊಂದುಕೊಂಡಿದ್ದೇನೆ.

ಇನ್ನು ನನ್ನ ಫೋನ್ ಮತ್ತು ಬಾಗಿಲಿನ ವಿಷಯಕ್ಕೆ ಮರಳುತ್ತೇನೆ. ದೂರದಿಂದ ಒಂದು ಮಾತು, ಎದುರಿಗೆ ಇನ್ನೊಂದು. ಇದರ ಮೇಲೆ ನಡೆದ ಹಳೆಯ ಅಧ್ಯಯನವೊಂದು ಬಹಳ ಪ್ರಸಿದ್ಧ, ಅಲ್ಲಿ ಆದದ್ದು ನನ್ನದಕ್ಕೆ ಸರಿಯಾಗಿ ಉಲ್ಟಾ. ರಿಚರ್ಡ್ ಲಪಿಯೆರ್ ಎಂಬ ಸಮಾಜಶಾಸ್ತ್ರಜ್ಞ 1930ರ ನಂತರದ ಎರಡು ವರ್ಷಗಳಲ್ಲಿ ಚೀನಾ ಮೂಲದ ಯುವ ದಂಪತಿಯ ಜೊತೆ ಅಮೆರಿಕವನ್ನು ಕಾರಿನಲ್ಲಿ ಸುತ್ತಿದ. ಚೀನೀಯರ ವಲಸೆಯನ್ನು ಕಾನೂನೇ ತಡೆದಿದ್ದ ಕಾಲ ಅದು. 1882ರ ಆ ಕಾನೂನು ರದ್ದಾಗಿದ್ದು 1943ರಲ್ಲಿ. ಈ ಮೂವರು 251 ಕಡೆ ತಂಗಲು ಅಥವಾ ಊಟಕ್ಕೆ ಹೋದರು. ಆಗುವುದಿಲ್ಲ ಎಂದವರು ಒಬ್ಬರೇ ಒಬ್ಬರು. ಆರು ತಿಂಗಳ ನಂತರ ಲಪಿಯೆರ್ ಅದೇ ಜಾಗಗಳಿಗೆ ಪತ್ರ ಬರೆದು, ಚೀನೀಯರನ್ನು ನಿಮ್ಮಲ್ಲಿ ಅತಿಥಿಗಳಾಗಿ ಸೇರಿಸುತ್ತೀರಾ ಎಂದು ಕೇಳಿದ. ಉತ್ತರ ಬರೆದವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ‘ಇಲ್ಲ’ ಎಂದಿದ್ದರು. 1934ರಲ್ಲಿ ಇದು ಪ್ರಕಟವಾಯಿತು.

ಕಾಗದದ ಮೇಲೆ ‘ಚೀನೀಯ’ ಎಂಬುದು ಒಂದು ಪದ. ಎದುರಿಗೆ ನಿಂತಾಗ ಅದು ನಗುಮುಖದ, ಅಚ್ಚುಕಟ್ಟಾದ ಬಟ್ಟೆಯ, ಒಳ್ಳೆಯ ಪೆಟ್ಟಿಗೆಯ, ಆ ದೇಶದ ಭಾಷೆಯನ್ನು ಆ ದೇಶದವರಂತೆಯೇ ಆಡುವ ಒಬ್ಬ ಗಂಡ, ಒಬ್ಬ ಹೆಂಡತಿ. ಈ ಅಧ್ಯಯನವನ್ನು ಸಾಮಾನ್ಯವಾಗಿ ಜನರ ಮಾತಿಗೂ ನಡತೆಗೂ ಇರುವ ಅಂತರಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ನಾನು ಓದುವ ಬಗೆ ಸ್ವಲ್ಪ ಬೇರೆ. ಆ ದಂಪತಿ ಕೇಳುತ್ತಿದ್ದದ್ದು ಒಂದು ರಾತ್ರಿ, ಒಂದು ಊಟ. ಜೊತೆಗೆ ಒಬ್ಬ ಬಿಳಿಯ ಪ್ರೊಫೆಸರ್ ಇದ್ದ. ಅವರು ಅದೇ ಊರಿನಲ್ಲಿ ಮನೆ ಕೇಳಿದ್ದರೆ? ಮಗುವನ್ನು ಶಾಲೆಗೆ ಸೇರಿಸಲು ಹೋಗಿದ್ದರೆ? ಪತ್ರದಲ್ಲಿ ಬಂದ ‘ಇಲ್ಲ’ ಬಹುಶಃ ಆ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರ.

ಪ್ರವಾಸಿಯ ಸ್ವಾಗತದಲ್ಲಿ ಇನ್ನೊಂದು ಅಂಶವಿದೆ, ಆ ನಗು ಒಬ್ಬರ ಕೆಲಸ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲಿ ವಿಮಾನದ ಗಗನಸಖಿಯರ ದುಡಿಮೆಯ ಬಗ್ಗೆ ಬರೆಯುತ್ತಾ, ಮೈಯನ್ನು ಬಾಡಿಗೆಗೆ ಕೊಟ್ಟಂತೆ ಭಾವನೆಯನ್ನೂ ಸಂಬಳಕ್ಕೆ ಕೊಡುವ ದುಡಿಮೆ ಇದೆ ಎಂದು ತೋರಿಸಿದರು. ಪ್ರವಾಸೋದ್ಯಮ ನಡೆಯುವುದೇ ಇದರ ಮೇಲೆ. ಹಾಗೆಂದು ಆ ನಗು ಸುಳ್ಳು ಎಂದು ನಾನು ಹೇಳುವುದಿಲ್ಲ. ದಿನಕ್ಕೆ ಇನ್ನೂರು ಜನರನ್ನು ನೋಡುವ ಸ್ವಾಗತಕಾರಿಣಿ ಇನ್ನೂರನೆಯವರಿಗೂ ನಕ್ಕರೆ ಅದಕ್ಕೆ ಗೌರವ ಸಲ್ಲಬೇಕು. ಆದರೆ ಆ ನಗುವಿನಿಂದ ಒಂದು ದೇಶದ ಮನಸ್ಸನ್ನು ಅಳೆಯಲು ಹೊರಡಬಾರದು.

ದೇಶದ ಮನಸ್ಸು ಬೇರೆ ಕಡೆ ಕಾಣುತ್ತದೆ. ಪ್ರವಾಸಿಗರಿಂದ ಒಂದು ರೂಪಾಯಿಯೂ ಬಾರದ, ಆದರೆ ಅವರ ಭಾರ ಹೊರುವ ಜನರ ಮುಖದಲ್ಲಿ. 1975ರಲ್ಲಿ ಡಾಕ್ಸಿ ಎಂಬ ಸಂಶೋಧಕ ಬಾರ್ಬಡೋಸ್ ಮತ್ತು ಕೆನಡಾದ ಒಂದು ಪಟ್ಟಣವನ್ನು ನೋಡಿ, ಸ್ಥಳೀಯರ ಮನಸ್ಸು ಉತ್ಸಾಹದಿಂದ ಶುರುವಾಗಿ ಉದಾಸೀನ, ಕಿರಿಕಿರಿ ದಾಟಿ ಹಗೆತನಕ್ಕೆ ಹೋಗುತ್ತದೆ ಎಂದಿದ್ದ. ಎಲ್ಲ ಊರೂ ಹೀಗೇ ಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ವೆನಿಸ್ ನೋಡಿ. 1950ರ ದಶಕದ ಆರಂಭದಲ್ಲಿ ಹಳೆಯ ನಗರದಲ್ಲಿ ಸುಮಾರು 1.75 ಲಕ್ಷ ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗೆ ಇಳಿಯಿತು. 2024ರ ಏಪ್ರಿಲ್ 25ರಿಂದ, ಜನ ಹೆಚ್ಚಿರುವ ಕೆಲವು ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. ಒಂದು ಊರಿಗೆ ಒಳಗೆ ಬರಲು ಟಿಕೆಟ್. ಅದೇ ವರ್ಷ ಮೇ ತಿಂಗಳಲ್ಲಿ ಜಪಾನಿನ ಫುಜಿಕವಗುಚಿಕೊ ಪಟ್ಟಣದವರು ಒಂದು ಅಂಗಡಿಯ ಎದುರು ಎರಡೂವರೆ ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿ ಫುಜಿ ಪರ್ವತವನ್ನೇ ಮರೆಮಾಡಿದರು. ಆ ಅಂಗಡಿಯ ಹಿಂದೆ ಪರ್ವತ ಕಾಣುವ ಚಿತ್ರ ತೆಗೆಯಲು ಬಂದವರು ರಸ್ತೆಗೆ ಅಡ್ಡ ನುಗ್ಗುತ್ತಿದ್ದರು, ಕಸ ಬಿಸಾಡುತ್ತಿದ್ದರು. ತಮ್ಮ ಪರ್ವತವನ್ನು ತಾವೇ ಮುಚ್ಚಬೇಕಾಗಿ ಬಂದ ಆ ಜನರ ಬೇಸರವನ್ನು ಪರದೇಶಿಗಳ ಮೇಲಿನ ದ್ವೇಷ ಎಂದು ಕರೆಯುವುದು ಅನ್ಯಾಯ. ಆ ಪರದೆಯನ್ನು ಕೆಲವೇ ತಿಂಗಳಲ್ಲಿ ತೆಗೆದರು ಕೂಡ.

ಬಾರ್ಸಿಲೋನಾದಲ್ಲಿ 2024ರ ಜುಲೈ 6ರಂದು ಸಾವಿರಾರು ಜನ ಬೀದಿಗಿಳಿದರು. ಅವರಲ್ಲಿ ಕೆಲವರು ಹೊರಗೆ ಕೂತು ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ಅವರ ಸಿಟ್ಟಿಗೆ ಕಾರಣ ಬಾಡಿಗೆ. ಮನೆಗಳೆಲ್ಲ ಪ್ರವಾಸಿಗರ ತಂಗುದಾಣಗಳಾಗಿ, ಊರಿನ ಮಕ್ಕಳಿಗೆ ಊರಿನಲ್ಲಿ ಮನೆ ಸಿಗದಂತಾಗಿತ್ತು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ 10,101 ಮನೆಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಎಂದು ಅಲ್ಲಿನ ಮೇಯರ್ ಅದಕ್ಕೂ ಮೊದಲೇ ಪ್ರಕಟಿಸಿದ್ದರು. ಮನೆಯ ವಿಷಯದಲ್ಲಿ ನಾನು ಪೂರ್ತಿ ಸ್ಥಳೀಯರ ಪರ. ‘ಇರಿ’ ಎಂದು ಯಾರಾದರೂ ನನಗೆ ಹೇಳಬೇಕಾದರೆ ಮೊದಲು ಅವರಿಗೆ ಇರಲು ಜಾಗವಿರಬೇಕು. ಆದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿರುವ ಯಾರೋ ಒಬ್ಬರ ಮುಖಕ್ಕೆ ನೀರು ಹಾರಿಸುವುದನ್ನು ನನ್ನಿಂದ ಒಪ್ಪಲಾಗುವುದಿಲ್ಲ. ಪರವಾನಗಿ ಕೊಟ್ಟವರು ಆ ಮೇಜಿನಲ್ಲಿ ಕೂತಿರಲಿಲ್ಲ.

ಈಗ ಉಳಿದವರ ಕಡೆಗೆ ಬರೋಣ, ನನ್ನ ಮನಸ್ಸು ಇರುವುದು ಅಲ್ಲಿ. 1955ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸ್ವೆರೆ ಲಿಸ್‌ಗಾರ್ಡ್ ಎಂಬ ನಾರ್ವೆಯ ವಿದ್ವಾಂಸ, ಅಮೆರಿಕದಲ್ಲಿ ಓದಿ ಮರಳಿದ ಸುಮಾರು 200 ನಾರ್ವೇಜಿಯನ್ನರನ್ನು ಮಾತಾಡಿಸಿದ. ಆರು ತಿಂಗಳೊಳಗೆ ಮರಳಿದವರು ಅಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹೊಂದಿಕೊಂಡಿದ್ದರು. ನಡುವಿನ ಅವಧಿಯವರು ಕಷ್ಟಪಟ್ಟಿದ್ದರು. ಈ ಏರಿಳಿತ ಎಲ್ಲರಿಗೂ ಹೀಗೇ ಬರುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಆದರೆ ಆ ನಡುವಿನ ತಗ್ಗು ಏನು ಎಂಬುದು ಪರದೇಶದಲ್ಲಿ ಬಾಳಿದ ಯಾರಿಗೂ ವಿವರಿಸಬೇಕಿಲ್ಲ. ಪ್ರವಾಸಿಯ ಕಾಲದ ರಿಯಾಯಿತಿ ಮುಗಿದಿರುತ್ತದೆ, ನಿವಾಸಿಯ ಹಕ್ಕು ಇನ್ನೂ ಹುಟ್ಟಿರುವುದಿಲ್ಲ.

ಆ ರಿಯಾಯಿತಿ ಹೇಗೆ ಕಳಚಿಕೊಳ್ಳುತ್ತದೆ ನೋಡಿ. ಪ್ರವಾಸಿ ಆ ನಾಡಿನ ಭಾಷೆಯಲ್ಲಿ ತಪ್ಪುತಪ್ಪಾಗಿ ಎರಡು ಪದ ಆಡಿದರೆ ಅಂಗಡಿಯವರ ಮುಖ ಅರಳುತ್ತದೆ. ಐದು ವರ್ಷ ಕಲಿತು ಒಂದು ವಾಕ್ಯದಲ್ಲಿ ಒಂದೇ ಪ್ರತ್ಯಯ ತಪ್ಪಿದರೆ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಅವರು ಅದನ್ನು ಉಪಕಾರ ಎಂದೇ ಮಾಡುತ್ತಾರೆ, ಆದರೂ ಬಾಗಿಲು ಮುಚ್ಚಿದ ಸದ್ದು ಕೇಳಿಸುತ್ತದೆ. ಪ್ರವಾಸಿ ದೂರಿದರೆ ಕ್ಷಮೆ ಕೇಳುತ್ತಾರೆ. ನೆಲೆಸಿದವನು ಅದೇ ದೂರು ಹೇಳಿದರೆ ‘ಹಿಡಿಸದಿದ್ದರೆ ವಾಪಸ್ ಹೋಗಬಹುದಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ‘ನೀವು ಎಲ್ಲಿಯವರು?’ ಎಂಬ ಪ್ರಶ್ನೆ ಎರಡನೇ ದಿನ ಹಿತವಾಗಿರುತ್ತದೆ, ಎಂಟನೇ ವರ್ಷ ಚುಚ್ಚುತ್ತದೆ. ಅಲ್ಲೇ ಹುಟ್ಟಿದ ಮಗಳನ್ನು ಕೇಳಿದಾಗಂತೂ ಅವಳಿಗೆ ಉತ್ತರವೇ ಇರುವುದಿಲ್ಲ. ಒಂದು ದೇಶದಲ್ಲಿ ನನಗೆ ನೆಲೆ ಸಿಕ್ಕಿದೆಯೇ ಎಂದು ತಿಳಿಯಲು ನಾನು ಇಟ್ಟುಕೊಂಡಿರುವ ಒಂದು ಪರೀಕ್ಷೆ ಇದು, ಅಲ್ಲಿಯ ಬಸ್ ತಡವಾಯಿತೆಂದು ಅಲ್ಲಿಯವರ ಜೊತೆ ಸೇರಿ ಗೊಣಗಬಹುದೇ?

ಜರ್ಮನಿಯ ಮ್ಯೂನಿಕ್ ಮೂಲದ ಇಂಟರ್‌ನೇಷನ್ಸ್ ಎಂಬ ಸಂಸ್ಥೆ ಪ್ರತಿವರ್ಷ ಪರದೇಶದಲ್ಲಿ ನೆಲೆಸಿದವರನ್ನು ಕೇಳಿ ಒಂದು ಪಟ್ಟಿ ಮಾಡುತ್ತದೆ. ಉತ್ತರ ಕೊಡುವವರು ತಾವಾಗಿಯೇ ಬಂದವರು, ಹೆಚ್ಚಾಗಿ ಕಚೇರಿ ಕೆಲಸದವರು. ಹಾಗಾಗಿ ಆ ಪಟ್ಟಿಯನ್ನು ತಕ್ಕಡಿಯಂತೆ ನಂಬಬೇಕಿಲ್ಲ. ಆದರೂ ಒಂದು ವಿಷಯ ವರ್ಷ ವರ್ಷವೂ ಮರಳಿ ಬರುತ್ತದೆ. 2022, 2023ರಲ್ಲಿ ಮೊದಲ ಸ್ಥಾನ ಮೆಕ್ಸಿಕೋಗೆ, 2024ರಲ್ಲಿ ಪನಾಮಕ್ಕೆ. ರಸ್ತೆ, ಆಸ್ಪತ್ರೆ, ಶುದ್ಧ ಗಾಳಿಗೆಲ್ಲ ಹೆಸರಾದ ಉತ್ತರ ಯುರೋಪಿನ ದೇಶಗಳು ಗೆಳೆತನ, ಹೊಂದಾಣಿಕೆಯ ಪ್ರಶ್ನೆ ಬಂದಾಗ ಕೊನೆಯ ಸಾಲಿಗೆ ಹೋಗುತ್ತವೆ. ಅಲ್ಲಿಯವರು ಕೆಟ್ಟವರೆಂದಲ್ಲ. ಅಲ್ಲಿ ಗೆಳೆತನಗಳು ಶಾಲೆಯ ಕಾಲದಲ್ಲೇ ಹೆಣೆದುಕೊಂಡು ಮುಗಿದಿರುತ್ತವೆ, ಕಷ್ಟಕ್ಕೆ ಸರ್ಕಾರವಿದೆ, ನೆರೆಯವರ ಬಾಗಿಲು ತಟ್ಟುವ ಅಗತ್ಯವೇ ಬರುವುದಿಲ್ಲ. ಒಬ್ಬರಿಗೊಬ್ಬರು ಬೇಕಾಗುವ ಸಮಾಜದಲ್ಲಿ ಹೊಸಬನಿಗೂ ಎಲ್ಲೋ ಒಂದು ಜಾಗ ಸಿಗುತ್ತದೆ. ಇದು ನನ್ನ ಊಹೆ, ಆದರೆ ಕಂಡುಂಡ ಊಹೆ.

ಕೊಲ್ಲಿ ದೇಶಗಳ ಮಾತೇ ಬೇರೆ. ಯುಎಇ, ಕತಾರ್‌ಗಳಲ್ಲಿ ಹತ್ತು ಜನರಲ್ಲಿ ಹತ್ತಿರ ಹತ್ತಿರ ಒಂಬತ್ತು ಜನ ಹೊರಗಿನವರು. ಆತಿಥೇಯರೇ ಅಲ್ಪಸಂಖ್ಯಾತರು. ಕಫಾಲ ಎಂಬ ಪದ್ಧತಿಯಲ್ಲಿ ಕೆಲಸಗಾರನ ವಾಸದ ಪರವಾನಗಿ ಅವನನ್ನು ಕರೆಸಿಕೊಂಡವರಿಗೆ ಕಟ್ಟಿಕೊಂಡಿರುತ್ತದೆ. ಕತಾರ್ 2020ರಲ್ಲಿ, ಹಳೆಯ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಾಯಿಸಬಹುದು ಎಂದು ನಿಯಮ ಸಡಿಲಿಸಿತು. ಯುಎಇ 2019ರಲ್ಲಿ ದೀರ್ಘಾವಧಿಯ ಗೋಲ್ಡನ್ ವೀಸಾ ತಂದಿತು. ಆದರೆ ಬಹುಪಾಲು ಜನರಿಗೆ ಇವತ್ತಿಗೂ ಕೆಲಸ ಮುಗಿದರೆ ವಾಸವೂ ಮುಗಿಯಿತು. ಅಲ್ಲೇ ಮೂವತ್ತು ವರ್ಷ ದುಡಿದವರನ್ನು ಮಾತಾಡಿಸಿದ್ದೇನೆ. ನಮಗೆ ಅಲ್ಲಿ ಅವಮಾನವಾಯಿತು ಎಂದು ಅವರು ಹೇಳುವುದಿಲ್ಲ, ದುಡಿಮೆ ಕೊಟ್ಟ ನೆಲ ಎಂದು ಕೃತಜ್ಞತೆಯಿಂದಲೇ ಮಾತಾಡುತ್ತಾರೆ. ಆದರೆ ಆ ಮೂವತ್ತು ವರ್ಷವೂ ಮನೆಗೆ ಭಾರದ ಮಂಚ ಕೊಳ್ಳಲಿಲ್ಲ ಎಂದು ಒಬ್ಬರು ಹೇಳಿದ್ದನ್ನು ನಾನು ಮರೆತಿಲ್ಲ. ಯಾವಾಗ ಹೊರಡಬೇಕೋ, ಹೊತ್ತುಕೊಂಡು ಹೋಗಲಾಗದ್ದು ಯಾಕೆ ಎಂಬುದು ಅವರ ಲೆಕ್ಕ.

ಈ ಹಿನ್ನೆಲೆಯಲ್ಲೇ, ಪರದೇಶದಲ್ಲಿ ನೆಲೆಸಿದವರಿಗೆ ಇಂಗ್ಲಿಷಿನಲ್ಲಿ ಹೇಳುವ ಎಕ್ಸ್‌ಪ್ಯಾಟ್ ಎಂಬ ಪದವನ್ನೂ ನೋಡಬೇಕು. ಒಂದೇ ವಿಮಾನದಲ್ಲಿ ಇಳಿದ ಇಬ್ಬರಲ್ಲಿ ಬ್ಯಾಂಕಿನವನು ಎಕ್ಸ್‌ಪ್ಯಾಟ್, ಕಟ್ಟಡ ಕೆಲಸದವನು ವಲಸೆ ಕಾರ್ಮಿಕ. ಇಬ್ಬರೂ ಬಿಟ್ಟು ಬಂದದ್ದು ತಾಯ್ನಾಡನ್ನೇ. ಈ ಉಪನ್ಯಾಸದಲ್ಲಿ ನಾನು ಇಂಥ ಇಬ್ಬರಿಗೂ ಆದಷ್ಟು ‘ನೆಲೆಸಿದವರು’ ಎಂಬ ಪದವನ್ನೇ ಬಳಸಿದ್ದು ಬೇಕೆಂದೇ.

ಮನುಷ್ಯರ ಒಳ್ಳೆಯತನದ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಗ್ಯಾಂಡರ್ ಎಂಬ ಸಣ್ಣ ಪಟ್ಟಣದಲ್ಲಿ 38 ಪ್ರಯಾಣಿಕ ವಿಮಾನಗಳು ಇಳಿದವು. ಊರಿನ ಜನ ಸುಮಾರು 10 ಸಾವಿರ, ಇಳಿದವರು 6 ಸಾವಿರಕ್ಕೂ ಹೆಚ್ಚು. ಮುಷ್ಕರದಲ್ಲಿದ್ದ ಶಾಲಾ ಬಸ್ಸಿನ ಚಾಲಕರು ಮುಷ್ಕರ ಬಿಟ್ಟು ಬಂದು ಅವರನ್ನೆಲ್ಲ ಸಾಗಿಸಿದರು. ಶಾಲೆ, ಚರ್ಚು, ಸಭಾಂಗಣ ಎಲ್ಲ ಮಲಗುವ ಮನೆಗಳಾದವು, ಸುತ್ತಲಿನ ಊರುಗಳೂ ಕೈಜೋಡಿಸಿದವು. ಯಾರ ಪಾಸ್‌ಪೋರ್ಟಿನ ಬಣ್ಣವನ್ನೂ ಯಾರೂ ಲೆಕ್ಕಿಸಲಿಲ್ಲ. ಕೆಲವು ದಿನಗಳ ನಂತರ ಎಲ್ಲರೂ ಹೊರಟರು. ಒಂದು ವಿಮಾನದ ಪ್ರಯಾಣಿಕರು ತಮಗೆ ಆಸರೆ ಕೊಟ್ಟ ಊರಿನ ಮಕ್ಕಳ ಓದಿಗೆಂದು ವಿದ್ಯಾರ್ಥಿವೇತನದ ನಿಧಿ ಕಟ್ಟಿದರು. ನಾನು ಈ ಕಥೆಯನ್ನು ಇಷ್ಟಪಡುವುದು ಅದರ ಈ ಎರಡನೇ ಭಾಗಕ್ಕಾಗಿ. ಕೊಟ್ಟವರು ಪಡೆದುಕೊಳ್ಳಲೂ ಒಪ್ಪಿದರು.

ಉಪನ್ಯಾಸ ಅಲ್ಲಿಗೆ ಮುಗಿದಿತ್ತು. ಹಿಂದಿನ ಸಾಲಿನಲ್ಲಿದ್ದ ತರುಣಿಯೊಬ್ಬರು ಎದ್ದು ನಿಂತು ಕೇಳಿದರು: “ಸರ್, ನಿಮಗೆ ಆ ದೇಶದಲ್ಲಿ ಕೊನೆಗೂ ಯಾರಾದರೂ ‘ಇರಿ’ ಅಂದರಾ?”

ನಾನು ಹೇಳಿದ ಉತ್ತರ ಇದು.

ಆರನೆಯ ಮನೆ ಸಿಕ್ಕಿತು, ಬೇರೆ ಬೀದಿಯಲ್ಲಿ. ಮೇಲಿನ ಮಹಡಿಯಲ್ಲಿ ವಯಸ್ಸಾದವರೊಬ್ಬರು ಒಂಟಿಯಾಗಿದ್ದರು. ಮೂರು ವರ್ಷ ಮೆಟ್ಟಿಲಲ್ಲಿ ಎದುರಾದಾಗ ನಮಸ್ಕಾರ, ಪ್ರತಿ ನಮಸ್ಕಾರ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ನನಗೆ ಕಾಯಿಲೆಯಾದಾಗ ಸಹಾಯ ಬೇಕೇ ಎಂದು ಒಮ್ಮೆ ಕೇಳಿದ್ದರು, ನಾನು ಬೇಡ ಎಂದಿದ್ದೆ. ನಾಲ್ಕನೇ ಚಳಿಗಾಲದಲ್ಲಿ ಒಂದು ಸಂಜೆ ಅವರೇ ಬಂದು ಗಂಟೆ ಒತ್ತಿದರು. ಆಪರೇಷನ್‌ಗೆ ಆಸ್ಪತ್ರೆ ಸೇರಬೇಕು, ಮೂರು ವಾರ ಇರುವುದಿಲ್ಲ, ಗಿಡಗಳಿಗೆ ನೀರು ಹಾಕಿ ಅಂಚೆ ತೆಗೆದಿಡಲು ಆಗುತ್ತದೆಯೇ ಎಂದು ಕೇಳಿ ಮನೆಯ ಬೀಗದ ಕೈ ಮುಂದೆ ಹಿಡಿದರು. ಆ ದೇಶದಲ್ಲಿ ಅಲ್ಲಿಯವರೆಗೆ ಎಷ್ಟೋ ಜನ ನನಗೆ ಸಹಾಯ ಮಾಡಿದ್ದರು. ನನ್ನಿಂದ ಸಹಾಯ ಕೇಳಿದವರು ಅವರೇ ಮೊದಲು.

ಮೂರು ವಾರದ ನಂತರ ಅವರು ಮರಳಿದರು. ಬೀಗದ ಕೈ ಕೊಡಲು ಮೇಲೆ ಹೋದೆ. ಅವರು ಕೈ ಚಾಚಲಿಲ್ಲ. “ಅದು ನಿಮ್ಮ ಹತ್ತಿರವೇ ಇರಲಿ,” ಅಂದರು.